ದೀಪ ಹಚ್ಚೂ ಹೊತ್ತಿನಾಗ ತರ್ಕಶಾಸ್ತ್ರ

ನಿಮಗ ಯಾರಿಗರ ಹಿಂಗ ಆಗೇತೇನ್ರಿ? ಪರೀಕ್ಷಾಕ್ಕ ಬರೂ ಸಾಲು, ಪುಸ್ತಕದಾಗ ದಪ್ಪ ಅಕ್ಷರದಾಗ ಅಚ್ಚಾಗೇತಿ, ಸರ್ ಅದರ ಕೆಳಗ ಗೀಟು ಹೊಡಿಸ್ಯಾರ, ಆದ್ರ ಮನ್ಯಾಗ ಕುಂತು ಅದನ್ನ ಜೋರಾಗಿ ಓದಂಗಿಲ್ಲ. ಓದಿದ್ರ ಬೈಗಳ. ಕೆಟ್ಟ ಪುಸ್ತಕ ಅಲ್ರಿ ಮತ್ತ, ತಪ್ಪು ತಿಳ್ಕೋಬ್ಯಾಡ್ರಿ. ಪಿಯುಸಿ ಪುಸ್ತಕ. ತರ್ಕಶಾಸ್ತ್ರದ್ದು.

ನನಗಾಗೇತಿ. ಅದೂ ನಲವತ್ತು ದಾಟಿದ ಮ್ಯಾಲೆ. ನಿಮಗ ಆಗಿದ್ರ ಮುಂದ ಓದ್ರಿ. ಆಗದಿದ್ರೂ ಓದ್ರಿ, ಹೆಂಗೂ ಫೋನ್ ಹಿಡ್ಕೊಂಡ ಕುಂತೀರಿ.

ನಾ ಸಣ್ಣಾಕಿದ್ದಾಗ ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟ. ತವರು ಶಿರಹಟ್ಟಿ ಕಡೆ. ಅಲ್ಲಿಂದ ಮದುವಿ ಆಗಿ ಬಂದದ್ದು ಗದಗಿನ ಹತ್ರ, ಮಲ್ಲಸಮುದ್ರದ ಆ ಕಡಿ ಒಂದು ಊರಿಗೆ. ಮಕ್ಕಳಾದ್ವು, ದೊಡ್ಡವಾದ್ವು. ನಾ ಊರ ಅಂಗನವಾಡಿಯಾಗ ಸಹಾಯಕಿ ಆಗಿ ಸೇರ್ಕೊಂಡ್ನಿ. ಕಸಾ ಹೊಡಿಯೂದು, ಅಡಗಿ ಮಾಡೂದು, ಮಕ್ಕಳನ್ನ ಮನಿಮನಿಗೆ ಹೋಗಿ ಕರ್ಕೊಂಡ ಬರೂದು, ಮೂಗು ಒರಸೂದು, ಚಡ್ಡಿ ಬದಲ ಮಾಡೂದು. ಊರಾಗ ಟೀಚರಿಗೆ ಅಕ್ಕಾರು ಅಂತಾರ, ನನಗ ಆಯಾ ಅಂತಾರ. ನನಗೇನ ಬ್ಯಾಸರಿಲ್ಲ ಅದರ ಬಗ್ಗೆ. ಆದ್ರ ಒಲಿ ಮುಂದ ನಿಂತು ಅಕ್ಕಾರು ಹಾಡು ಕಲಿಸೂದನ್ನ ಕೇಳೂವಾಗ ಒಮ್ಮೊಮ್ಮೆ ಅನಸ್ತಿತ್ತು, ಅಯ್ಯ, ಈ ಸಾಲು ಹಿಂಗ ಕೈ ಕುಣಿಸಿ ಹೇಳಿದ್ರ ಆ ಕಡೀ ಬಾಯಿ ಮುಚ್ಕೊಂಡ ಕುಂತ ಹುಡುಗಿನೂ ಹಾಡ್ತಿತ್ತಲ್ಲ ಅಂತ. ಹೇಳಾಕ ಬರಂಗಿಲ್ಲ. ನಾ ಆಯಾ. ಉಪ್ಪಿಟ್ಟು ಹೊತ್ತತೈತಿ, ತಿರುವಬೇಕು.

ಆಮ್ಯಾಲೆ ಅಕ್ಕಾರು ರಿಟೈರ್ ಆಗೂದು ಹತ್ರ ಬಂತು. ಒಂದಿನ ಮಕ್ಕಳು ಮಲಗಿದ ಮ್ಯಾಲೆ ಅವರ ಅಂದ್ರು, "ನೋಡವಾ, ಈ ಹುಡುಗರ ಹೊಟ್ಟಿ ಯಾವಾಗ ನೋಯ್ತೈತಿ, ಯಾವಾಗ ಸುಳ್ಳ ಹೇಳ್ತಾವು, ಎಲ್ಲಾ ನಿನಗ ಗೊತ್ತೈತಿ. ನನ್ನ ಜಾಗಾಕ್ಕ ನೀನ ಬಂದ್ರ ಚೊಲೊ. ಆದ್ರ ಪಿಯುಸಿ ಕೇಳ್ತಾರ."

"ಈ ವಯಸ್ಸಿನಾಗ ಪಿಯುಸಿ ಏನ್ರಿ ಅಕ್ಕಾರ?"

"ಈ ವಯಸ್ಸಿನಾಗ ಬೀಗರ ಮನಿ ಜಗಳ ಬಗಿಹರಸ್ತಿ, ಪಿಯುಸಿ ಆಗಂಗಿಲ್ಲೇನ?"

ಪಗಾರದ ಆಸೆ ಇರಲಿಲ್ಲ ಅಂದ್ರ ಸುಳ್ಳ ಆಗ್ತೈತಿ, ಇತ್ತು. ಆದ್ರ ಅದಕ್ಕಿಂತ ಹೆಚ್ಚು ಆ ಹಾಡಿನ ಆಸೆ. ನಾ ಹೋಗಂಗಿಲ್ಲ ಅಂದ್ರ ಬ್ಯಾರೆ ಊರಿಂದ ಯಾರೋ ಒಬ್ಬಾಕಿ ಬರ್ತಾಳ, ಆಕಿ ಕೈ ಕುಣಸ್ತಾಳೋ ಇಲ್ಲೋ ಯಾರಿಗೆ ಗೊತ್ತು. ಅದಕ್ಕ ಗದಗಿನ ಒಂದು ಕಾಲೇಜಿನಾಗ ಖಾಸಗಿ ಅಭ್ಯರ್ಥಿ ಅಂತ ಹೆಸರು ಹಚ್ಚಿದ್ನಿ.

ಅಲ್ಲಿ ಕ್ಲರ್ಕ್ ಕೇಳಿದ್ರು, "ಭೂಗೋಳ ಬೇಕೋ, ತರ್ಕಶಾಸ್ತ್ರ ಬೇಕೋ?"

"ಯಾವದರಾಗ ಲೆಕ್ಕ ಇಲ್ರಿ?"

"ತರ್ಕಶಾಸ್ತ್ರದಾಗ ಬರೇ ಮಾತು, ಅಕ್ಕಾ."

ಮಾತಂದ್ರ ನಮ್ಮ ಮನ್ಯಾಗ ಎಂದೂ ಕೊರತಿ ಆಗಿಲ್ಲ. ತಗೊಂಡ್ನಿ.

ತರ್ಕಶಾಸ್ತ್ರದ ಸರ್ ಲಕ್ಷ್ಮೇಶ್ವರದಿಂದ ಬಸ್ಸಿಗೆ ಬರೂರು. ಫೇಲಾದೋರಿಗೂ ನಮ್ಮಂಥ ಹೊರಗಿನೋರಿಗೂ ಅಂತ ಐತವಾರ ಪುಕ್ಕಟ ಕ್ಲಾಸ್ ತಗೋತಿದ್ರು. ಐತವಾರ ರಜಾ ಬಿಟ್ಟು ಬಸ್ಸಿನಾಗ ನಿಂತ್ಕೊಂಡ ಬಂದು ಕಲಸೂ ಮನುಷ್ಯಾನ್ನ ನಾ ಅಲ್ಲಿವರಿಗೂ ನೋಡಿರಲಿಲ್ಲ. ಅವರ ವಿಷಯಕ್ಕ ಹುಡುಗರು ಬರೂದು ಕಮ್ಮಿ ಆಗಿತ್ತು, ಅದಕ್ಕ ಬಂದೋರನ್ನ ಮನಿಗೆ ಬಂದ ನೆಂಟರಂಗ ನೋಡ್ಕೋತಿದ್ರು. ಬೋರ್ಡಿನ ಮ್ಯಾಲೆ ಮೂರು ಸುತ್ತು ತಗೀಬೇಕಾದ್ರ "ಯಾರರ ಒಂದು ಬಳಿ ಕೊಡ್ರವಾ" ಅಂತಿದ್ರು. ಬಳಿ ಇಟ್ಟು ಸುತ್ತೂ ಸೀಮೆಸುಣ್ಣ ಎಳದ್ರ ಸುತ್ತು ಸಣ್ಣದಾಗಿ ಹಿಂದಿನ ಬೆಂಚಿಗೆ ಕಾಣಂಗಿಲ್ಲ. ಆಮ್ಯಾಲೆ ನಾನ ಬುತ್ತಿ ತಂದ ತಾಟು ಕೊಟ್ನಿ. "ನೋಡ್ರಿ, ಶಾಸ್ತ್ರ ಎಷ್ಟ ದೊಡ್ಡದಾತು" ಅಂದ್ರು.

ನನ್ನ ಬಾಜೂಕ ಮುಂಡರಗಿ ಕಡಿ ಹುಡುಗಿ ಕುಂಡ್ರತಿತ್ತು. ಗದಗಿನಾಗ ಬಟ್ಟಿ ಅಂಗಡಿ ಕೆಲಸ. ಹಿಂದಿನ ವರ್ಷ ಇದೊಂದ ವಿಷಯ ಹೋಗಿತ್ತು. ನನಗ ಮೊದಲ ದಿನಾನ "ಆಂಟಿ, ನಿಮ್ಮ ಮಗಳು ಒಳಗ ಅದಾಳೇನ್ರಿ?" ಅಂತ ಕೇಳಿತು.

"ಇಲ್ಲವಾ, ನಾನ ಒಳಗ ಹೋಗಾಕಿ."

"ಅಯ್ಯ ಬರ್ರಿ ಬರ್ರಿ, ಹಿಂದಿನ ಬೆಂಚಿಗೆ ಫ್ಯಾನ್ ಐತಿ" ಅಂತು. ಅಲ್ಲಿಂದ ನಾವಿಬ್ರೂ ಫ್ಯಾನ್ ಗೆಳತೇರು.

ಸರ್ ಬರದ್ರು ನೋಡ್ರಿ ಮೊದಲನೇ ಪಾಠ:

ಎಲ್ಲಾ ಮನುಷ್ಯರು ಮರ್ತ್ಯರು. ರಾಜನು ಮನುಷ್ಯನು. ಆದ್ದರಿಂದ ರಾಜನು ಮರ್ತ್ಯನು.

ಮೊದಲ ಎರಡಕ್ಕ ಆಧಾರವಾಕ್ಯ ಅಂತಾರ. ಕೊನೀದಕ್ಕ ತೀರ್ಮಾನ. ಮೊದಲಿನ ಎರಡು ಹೇಳಿದ ಮ್ಯಾಲೆ ಕೊನೀದು ತಾನ ಬಂದ್ರ ಆ ವಾದ ಸಿಂಧು, ಬರದಿದ್ರ ಅಸಿಂಧು. ಭಾಳ ಸರಳ ಅನಸ್ತು ನನಗ. ಇಷ್ಟಕ್ಕ ಈ ಹುಡುಗಿ ಹೆಂಗ ಫೇಲಾತು ಅಂತ ಒಳಗೊಳಗ ಅಂದ್ಕೊಂಡ್ನಿ. ಸೊಕ್ಕು.

ನನಗ ಓದಾಕ ಹೊತ್ತು ಸಿಗೂದು ಒಂದ. ಅಂಗನವಾಡಿ ಮುಗಿಸಿ, ನೀರು ತುಂಬಿ, ನಮ್ಮತ್ತಿ ದೇವರ ಮುಂದ ದೀಪ ಹಚ್ಚಿದ ಮ್ಯಾಲೆ, ರೊಟ್ಟಿ ಬಡಿಯೂಕಿಂತ ಮೊದಲ. ನಾ ಹಳೇ ಕಾಲದಾಕಿ, ಜೋರಾಗಿ ಓದಿದ್ರನ ತಲ್ಯಾಗ ಕುಂಡ್ರೂದು. ನಮ್ಮತ್ತಿ ಅಲ್ಲೇ ಕಂಬಕ್ಕ ಆತ್ಕೊಂಡು ಕುಂತು ಹತ್ತಿ ಬತ್ತಿ ಹೊಸೀತಿದ್ಲು. ಓದಿದ್ನಿ.

"ಮರ್ತ್ಯ ಅಂದ್ರ ಏನಬೇ?"

"ಸಾಯೂ ಅಂಥೋರು ಅಂತ್ರಿ."

ಹೊಸಿಯೂ ಕೈ ನಿಂತ್ವು.

"ದೀಪ ಹಚ್ಚಿ ಇನ್ನಾ ಎಣ್ಣಿ ಬಿಸಿ ಆಗಿಲ್ಲ, ಎಲ್ಲಾರೂ ಸಾಯ್ತಾರ ಅಂತೀಯಲ್ಲ! ನಿನ್ನ ಗಂಡ ಕುಂತಾನ, ಮಕ್ಕಳು ಕುಂತಾವು, ನಾ ಕುಂತೇನಿ!"

"ನಾ ಅಂದಿಲ್ರಿ ಅತ್ತಿ, ಪುಸ್ತಕ ಅಂತೈತಿ."

"ಪುಸ್ತಕಕ್ಕ ಮನಿ ಮಕ್ಕಳು ಅದಾವೇನ? ನಿನಗದಾವು." ಅಂದು ಬತ್ತಿಗೆ ಕೈ ಹಾಕಿದ್ಲು. ಮತ್ತ ತಡಿಯಾಕ ಆಗಲಿಲ್ಲ ಆಕಿಗೆ. "ಆ ರಾಜಗ ಏನಾಗಿತ್ತು?"

"ಏನೂ ಆಗಿಲ್ರಿ. ಗಟ್ಟಿಮುಟ್ಟ ಅದಾನ."

"ಮತ್ಯಾಕ ಸಾಯ್ತಾನ?"

"ಮನುಷ್ಯ ಅದಾನಲ್ರಿ, ಅದಕ್ಕ."

"ಅಯ್ಯ ಪಾಪ. ವಯಸ್ಸೆಷ್ಟು?"

ನಮ್ಮ ಯಜಮಾನ್ರು ನಡಕ ಬಾಯಿ ಹಾಕಿದ್ರು, "ಯವ್ವಾ, ಆ ರಾಜ ಹ್ವಾದ ವರ್ಷದ ಪರೀಕ್ಷಾದಾಗೂ ಸತ್ತಾನ, ಮುಂದಿನ ವರ್ಷಾನೂ ಸಾಯ್ತಾನ. ನೀ ಚಿಂತಿ ಮಾಡಬ್ಯಾಡ."

"ಏ, ನೀ ಸುಮ್ನ ಕುಂಡ್ರಲೇ. ಮುಸ್ಸಂಜಿ ಹೊತ್ನಾಗ ಇಬ್ರೂ ಗಂಡಾ ಹೆಂತಿ ಸಾವು ಹಿಡ್ಕೊಂಡ ಕುಂತಾರ."

ಒಂದು ಕರಾರ ಆತು. ದೀಪ ಹಚ್ಚಿದ ಮ್ಯಾಲೆ ನಮ್ಮ ಮನ್ಯಾಗ ಯಾರೂ ಸಾಯಂಗಿಲ್ಲ, ರಾಜಾನೂ ಸಾಯಂಗಿಲ್ಲ. ಆದ್ರ ಆ ಪುಸ್ತಕದಾಗ ಪುಟಕ್ಕೊಬ್ಬ ಸಾಯ್ತಾನ್ರಿ! ನಾ ಏನ ಮಾಡಿದ್ನಿ, ಸಾಯೂ ವಾಕ್ಯ ಬಂದಾಗೆಲ್ಲ ಬದಲ ಮಾಡಿ ಓದಾಕತ್ತಿದ್ನಿ. "ಎಲ್ಲಾ ಮನುಷ್ಯರು ರೊಟ್ಟಿ ತಿನ್ನುತ್ತಾರೆ. ರಾಜನು ಮನುಷ್ಯನು. ಆದ್ದರಿಂದ ರಾಜನು ರೊಟ್ಟಿ ತಿನ್ನುತ್ತಾನೆ."

ರಾಜ ಉಳದದ್ದಕ್ಕ ನಮ್ಮತ್ತಿಗೆ ಖುಷಿ ಆತು. ಆದ್ರ ಮಾತು ಬದಲಾಗಿದ್ದ ತಡ, ಆಕಿಗೆ ಬ್ಯಾರೆ ಹಾದಿ ಸಿಕ್ತು.

"ಎಲ್ಲಾರೂ ಎಲ್ಲಿ ರೊಟ್ಟಿ ತಿಂತಾರ? ಮೈಸೂರ ಕಡಿಯೋರು ಮುದ್ದಿ ನುಂಗತಾರ."

"ಹೌದಲ್ರಿ."

"ಮತ್ತ ಹಂಗ್ಯಾಕ ಬರದಾರ? ನೋಡಿ ಬರೀಬೇಕಿಲ್ಲೋ?"

ಮರುದಿನ ಎಮ್ಮಿ. "ಎಲ್ಲಾ ಎಮ್ಮೆಗಳು ಕಪ್ಪು" ಅಂತ ಬಾಯಿ ತಗದಿಲ್ಲ, "ಕಣಗಿನಹಾಳದಾಗ ನಮ್ಮಣ್ಣನ ಮನ್ಯಾಗ ಕೆಂದ ಎಮ್ಮಿ ಇತ್ತು. ಎರಡು ಹೊತ್ತೂ ತಂಬಿಗಿ ತುಂಬ ಹಿಂಡ್ತಿತ್ತು" ಅಂದ್ಲು. ಅದರ ಮರುದಿನ "ಎಲ್ಲಾ ರೈತರು ದುಡಿಯುತ್ತಾರೆ." ಅದಕ್ಕ ಆಕಿ ಊರಾಗಿನ ದುಡಿಯಲಾರದ ರೈತರ ಹೆಸರು ಓಣಿ ಹಿಡದು ಹೇಳಾಕ ಕುಂತ್ಲು. ರೊಟ್ಟಿ ಬಡಿಯಾಕ ಎದ್ರೂ ಆಕಿ ಓಣಿ ಮುಗೀಲಿಲ್ಲ.

ನನಗೂ ರೂಢಿ ಆತ್ರಿ. ಒಂದು ವಾಕ್ಯ ಕಂಡ್ರ ಸಾಕು, ಇದು ಖರೇನೋ ಸುಳ್ಳೋ ಅಂತ ಮೊದಲ ನೋಡೂದು. ನಮ್ಮ ಕಡಿ ಹಂಗ ಅಲ್ರಿ? ಹೊಲದಾಗ ತೇವ ಐತಿ ಅಂತ ಯಾರರ ಅಂದ್ರ ಹೋಗಿ ಬಟ್ಟು ಹಾಕಿ ನೋಡ್ತೇವಿ. ಅವರಿವರು ಅಂದ್ರು ಅಂತ ಬಿತ್ತಂಗಿಲ್ಲ. ಕಾಣದ್ದಕ್ಕ ಹೌದು ಅಂದ್ರ ನಾಳಿ ಮಂದಿ ಮುಂದ ಸುಳ್ಳ ಆಗಿ ನಿಂದ್ರಬೇಕಾಗ್ತೈತಿ. ಅತ್ತಿ ಕೈಯಾಗ ನಾ ಭಾರೀ ತಯಾರಾದ್ನಿ ಅಂತ ತಿಳ್ಕೊಂಡು ಪರೀಕ್ಷಾಕ್ಕ ಹೋದ್ನಿ.

ಪ್ರಶ್ನೆಪತ್ರಿಕೆ ನೋಡಿ ನಗೂನ ಬಂತು. "ಎಲ್ಲಾ ನದಿಗಳಲ್ಲಿ ಹಾಲು ಹರಿಯುತ್ತದೆ. ತುಂಗಭದ್ರೆಯು ನದಿ. ಆದ್ದರಿಂದ ತುಂಗಭದ್ರೆಯಲ್ಲಿ ಹಾಲು ಹರಿಯುತ್ತದೆ. ಈ ವಾದವು ಸಿಂಧುವೇ? ಕಾರಣ ಕೊಡಿ."

ನಾ ಬರದದ್ದು ಇನ್ನೂ ನೆನಪೈತಿ. "ಅಸಿಂಧು. ಮುಂಡರಗಿ ಕಡೆ ಹೋದಾಗ ಹೊಳೆಯನ್ನು ನಾನೇ ಕಣ್ಣಾರೆ ನೋಡಿರುತ್ತೇನೆ. ಅದರಲ್ಲಿ ನೀರು ಇರುತ್ತದೆ. ಮಳೆಗಾಲದಲ್ಲಿ ಕೆಂಪಗೆ ಇರುತ್ತದೆ."

ಮುಂದಿಂದು. "ಕೆಲವು ರೈತರು ಶ್ರೀಮಂತರು. ಕೆಲವು ಶ್ರೀಮಂತರು ಗದಗಿನವರು. ಆದ್ದರಿಂದ ಕೆಲವು ರೈತರು ಗದಗಿನವರು." ಇದು ಖರೇ ಐತಲ್ಲ ಅಂತ ಧೈರ್ಯಾಗಿ ಬರದ್ನಿ: "ಸಿಂಧು. ನನ್ನ ತಮ್ಮನ ಮಾವ ಗದಗಿನವರು. ಅವರಿಗೆ ಹೊಲ ಇದೆ."

ಹೊರಗ ಬಂದು ಗೆಳತಿಗೆ ಅಂದ್ನಿ, "ಪೇಪರ್ ಭಾಳ ಹಗುರ ಇತ್ತಲ್ಲವಾ." ಆ ಹುಡುಗಿ ನನ್ನ ಮಾರಿ ನೋಡಿ, ಪ್ರಶ್ನೆಪತ್ರಿಕೆ ತಗದು ಇನ್ನೊಮ್ಮೆ ಓದಿತು.

ರಿಸಲ್ಟ್ ಬಂತು. ಎಲ್ಲಾ ವಿಷಯ ಪಾಸು. ತರ್ಕಶಾಸ್ತ್ರ ಫೇಲ್. ಗೆಳತಿದು ಪಾಸಾಗಿತ್ತು.

ಅವತ್ತು ಊಟ ಸೇರಲಿಲ್ರಿ ನನಗ. ಅಕ್ಕಾರು ರಿಟೈರ್ ಆಗೂದು ಮಳಿಗಾಲಕ್ಕ ಇತ್ತು. ಬ್ಯಾಸಗ್ಯಾಗ ಇನ್ನೊಂದು ಪರೀಕ್ಷಾ ಇತ್ತು, ಅದೊಂದ ಉಳಿದಿದ್ದು. ಅದರಾಗೂ ಹೋದ್ರ ಆ ಜಾಗಾಕ್ಕ ಬ್ಯಾರೆಯಾಕಿ ಬರ್ತಿದ್ಲು, ನಾ ಒಲಿ ಮುಂದ ನಿಂತು ಕೇಳ್ಕೋತ ಇರೂದು, ಅಷ್ಟ. ನಮ್ಮತ್ತಿ ತಾಟು ತಂದು ಮುಂದಿಟ್ಟು, "ಯಾವ ವಿಷಯ ಹೋತು? ಆ ಸಾಯೂದೇನ? ನಾ ಅವತ್ತ ಅಂದಿದ್ನಿ, ಅದು ಮನಿಗೆ ಚೊಲೊ ಅಲ್ಲ ಅಂತ" ಅಂದ್ಲು. ಅಂದು, ರೊಟ್ಟಿ ಮ್ಯಾಲೆ ಬೆಣ್ಣಿ ಹೆಚ್ಚಿಗಿ ಹಾಕಿದ್ಲು.

ಐತವಾರ ಸರ್ ಕೇಳಿದ್ರು, "ಏನ ಬರದಿದ್ರಿ ತಂಗಿ? ಹೇಳ್ರಿ ನೋಡೂನು." ಹೇಳಿದ್ನಿ. ಹೊಳಿ ಕೆಂಪಗಿರೂದಕ್ಕ ಬಂದಾಗ ಸರ್ ಕುರ್ಚಿ ಹಿಡ್ಕೊಂಡ್ರು. ತಮ್ಮನ ಮಾವನ ಹೊಲಕ್ಕ ಬಂದಾಗ ಕಣ್ಣಾಗ ನೀರು ಬಂದಿದ್ವು. ನಗೂದು ನಿಂತ ಮ್ಯಾಲೆ ಕನ್ನಡಕ ಒರಸ್ಕೊಂಡು ಅಂದ್ರು, "ಹೊಳಿ ಹೆಂಗೈತಿ ಅಂತ ಕೇಳಿಲ್ರಿ ಅವರು. ಆ ಮೊದಲಿನ ಎರಡು ಮಾತು ಒಪ್ಪಿದ್ರ ಮೂರನೇದು ಒಪ್ಪಬೇಕಾಗ್ತೈತೋ ಇಲ್ಲೋ ಅಂತ ಕೇಳ್ಯಾರ."

"ನಾ ಒಪ್ಪಂಗಿಲ್ಲಲ್ರಿ ಸರ್. ಸುಳ್ಳ ಐತಿ."

"ಒಪ್ಪಿದ್ರ ಅಂತ."

"ಸುಳ್ಳ ಅಂತ ಗೊತ್ತಿದ್ದೂ ಹೆಂಗ ಒಪ್ಪೂದ್ರಿ?"

ಪಾಸಾದ್ರೂ ನನ್ನ ಸಲುವಾಗಿ ಬಂದು ಕುಂತಿದ್ದ ಗೆಳತಿ ಅಂತು, "ಆಂಟಿ, ನಮ್ಮೂರ ಕಡಿ ಹೊಳೀನ ಒಂದೀಟ ಬಿಡ್ರಿ ಈಗ. ಅದು ಅಲ್ಲೇ ಇರ್ತೈತಿ, ಎಲ್ಲೂ ಹೋಗಂಗಿಲ್ಲ."

"ಬಿಟ್ರ ಹೆಂಗವಾ? ಹಾಲು ಅಂತ ಬರದು ಬಂದ್ರ ಪೇಪರ್ ನೋಡೋರು ಏನಂತಾರ? ಈಕಿ ಹೊಳಿ ಕಂಡಿಲ್ಲ ಅನ್ನಂಗಿಲ್ಲೇನ?"

ಸರ್ ತಾಟು ಇಟ್ಟು ದೊಡ್ಡ ಸುತ್ತು, ಬಳಿ ಇಟ್ಟು ಸಣ್ಣ ಸುತ್ತು ತಗದ್ರು. ನದಿ ಸುತ್ತು, ಹಾಲಿನ ಸುತ್ತಿನ ಒಳಗ. ತುಂಗಭದ್ರೆ ಒಂದು ಚುಕ್ಕಿ, ನದಿ ಸುತ್ತಿನ ಒಳಗ. "ಚುಕ್ಕಿ ಹಾಲಿನ ಸುತ್ತಿನಾಗ ಐತೋ ಇಲ್ಲೋ?" "ಐತ್ರಿ." "ಹಂಗಾರ ಸಿಂಧು." "ಚುಕ್ಕಿ ಐತ್ರಿ, ಹೊಳಿ ಇಲ್ಲಲ್ರಿ ಸರ್." ಪಾಪ, ಆ ಮನುಷ್ಯಾ ಒಮ್ಮೆನೂ ಸಿಟ್ಟಾಗಲಿಲ್ಲ. "ಬರೂ ಐತವಾರ ಮತ್ತ ನೋಡೂನು" ಅಂತಿದ್ರು, ಬಸ್ಸಿಗೆ ಓಡ್ತಿದ್ರು. ನಾ ಹೊಳಿ ಹೊತ್ಕೊಂಡ ಮನಿಗೆ ಬರ್ತಿದ್ನಿ.

ಬಿಸಲಿನ ದಿನ. ಅಂಗನವಾಡಿ ಮುಂದಿನ ಬೇವಿನ ಗಿಡದ ನೆರಳಿನಾಗ ಹುಡುಗ್ರು ಅಡಗಿ ಆಟ ಆಡಾಕತ್ತಿದ್ವು. ನಾನೂ ಅಲ್ಲೇ ಕುಂತು ಅಕ್ಕಿ ಹಸನ ಮಾಡಾಕತ್ತಿದ್ನಿ. ನಾಕು ವರ್ಷದ ಒಂದು ಹುಡುಗಿ, ಬಾಯಿ ಅಂದ್ರ ಬಾಯಿ ಅದರದು, ಎಲಿ ಮ್ಯಾಲೆ ಉಸುಕು ಹಾಕ್ಕೊಂಡ ಬಂತು.

"ಆಯಾ, ಶಿರಾ. ತಿನ್ನು."

ತಗೊಂಡು ಬಾಯಿ ಹತ್ರ ಒಯ್ದು ಚಪ್ಪರಿಸಿದಂಗ ಮಾಡಿದ್ನಿ.

"ಬಿಸಿ ಐತಿ! ಊದು!"

ಊದಿದ್ನಿ.

"ಉಪ್ಪು ಹಾಕೇನಿ, ಸಾಕಾಗೇತೇನ?"

"ಏ ಹುಚ್ಚಿ, ಶಿರಾಕ್ಕ ಯಾರರ ಉಪ್ಪು ಹಾಕ್ತಾರೇನ? ಸಕ್ರಿ ಹಾಕಬೇಕು" ಅಂದ್ನಿ.

ಅಂದದ್ದ ತಡ, ಅಕ್ಕಿ ಮರಾ ಕೈಯಾಗ ಹಂಗ ನಿಂತು ಬಿಡ್ತ್ರಿ. ನಾ ಏನ ಅಂದ್ನಿ ಈಗ? ಉಸುಕು ಅಂತ ಅನಲಿಲ್ಲ. ಶಿರಾ ಅಂತ ಒಪ್ಪಿ, ಶಿರಾ ಆದ್ಮ್ಯಾಲೆ ಸಕ್ರಿ ಬೇಕು ಅಂತ ಜಗಳಾ ತಗದ್ನಿ. ಯಾರೂ ಸುಳ್ಳ ಹೇಳಿಲ್ಲ. ಆ ಹುಡುಗಿಗೂ ಗೊತ್ತು ಉಸುಕು, ನನಗೂ ಗೊತ್ತು ಉಸುಕು. ಆದ್ರ ಆಟಕ್ಕ ಕುಂತ ಮ್ಯಾಲೆ ಆಟದಾಗಿನ ಮಾತು ಒಂದಕ್ಕೊಂದು ಹೊಂದಬೇಕು, ಅಷ್ಟ. ಸರ್ ಇಷ್ಟು ಐತವಾರ ಬಾಯಿ ಒಣಗಿಸ್ಕೊಂಡು ಇದನ್ನ ಹೇಳಾಕತ್ತಿದ್ರು. ನಾ ಪರೀಕ್ಷಾದಾಗ ಎಲಿ ಕೈಯಾಗ ಹಿಡ್ಕೊಂಡು "ಇದು ಉಸುಕು, ನಾನೇ ಕಣ್ಣಾರೆ ನೋಡಿರುತ್ತೇನೆ" ಅಂತ ಬರದು ಬಂದಾಕಿ!

ತಡಿಯಾಕ ಆಗಲಿಲ್ಲ. ಹುಡುಗರನ್ನ ಕರದು ಕುಂಡ್ರಿಸಿದ್ನಿ. "ಕೇಳ್ರಿ ಇಲ್ಲೆ. ಎಲ್ಲಾ ಬೆಕ್ಕೂ ಬಸ್ ಹೊಡಿತಾವು."

ಕಿಕ್ಕಿಕ್ಕಿ ನಕ್ವು.

"ಅಲ್ಲಿ ಗ್ವಾಡಿ ಮ್ಯಾಲೆ ಮಲಗೇತಲ್ಲ, ಅದೇನು?"

"ಬೆಕ್ಕು!"

"ಹಂಗಾರ ಅದು?"

"ಬಸ್ ಹೊಡಿತೈತಿ!"

"ಎಲ್ಲಿಗೆ?"

"ಲಕ್ಷ್ಮೇಶ್ವರಕ್ಕ!" ಅಂತು ಒಂದು. "ಇಲ್ಲ, ನಮ್ಮಜ್ಜಿ ಊರಿಗೆ!" ಅಂತು ಇನ್ನೊಂದು. ಬಸ್ಸಿನ ಹಾದಿ ಮ್ಯಾಲೆ ಜಗಳ ಆತು. ಬೆಕ್ಕಿಗೆ ಬಸ್ ಹೊಡಿಯಾಕ ಬರ್ತೈತೋ ಇಲ್ಲೋ ಅಂತ ಒಂದೂ ಕೇಳಲಿಲ್ಲ.

"ತಡಿರಿ, ತಡಿರಿ. ಈಗ ಬ್ಯಾರೆ. ಎಲ್ಲಾ ಬೆಕ್ಕೂ ಅಲ್ಲ. ಕೆಲವೊಂದು ಬೆಕ್ಕು ಅಷ್ಟ ಬಸ್ ಹೊಡಿತಾವು. ಹಂಗಾರ ಆ ಗ್ವಾಡಿ ಮ್ಯಾಲಿನ ಬೆಕ್ಕು?"

ಉಸುಕಿನ ಶಿರಾದಾಕಿ ಗ್ವಾಡಿ ಕಡಿ ನೋಡಿ ಅಂತು, "ಅದನ್ನ ಕೇಳಬೇಕು."

ಒಳಗಿಂದ ಅಕ್ಕಾರು ಬಂದು ಬಾಗಲದಾಗ ನಿಂತಿದ್ರು. "ಏನ ನಡಸೀಬೇ?" ಅಂದ್ರು. "ಪಿಯುಸಿ ಓದಾಕತ್ತೇನ್ರಿ ಅಕ್ಕಾರ" ಅಂದ್ನಿ.

ಮನಿಗೆ ಬಂದು ನಮ್ಮತ್ತಿಗೂ ಹೇಳಿದ್ನಿ, "ಅತ್ತೀ, ಇವತ್ತಿಂದ ಖರೇ ಸುಳ್ಳು ನೋಡೂದಿಲ್ರಿ. ಅಂತ ಇಟ್ಕೋರಿ, ಅಷ್ಟ."

"ಸುಳ್ಳ ಅಂತ ಗೊತ್ತಿದ್ದೂ ಇಟ್ಕೋಬೇಕೇನ? ಇದನ್ನ ಕಲಿಯಾಕ ಗದಗಿಗೆ ಹೋಗ್ಬೇಕೇನ, ಇಲ್ಲೇ ಕಟ್ಟಿ ಮ್ಯಾಲೆ ಕುಂತ್ರ ಬೇಕಾದಷ್ಟು ಮಂದಿ ಕಲಸ್ತಾರ."

"ಒಮ್ಮೆ ಆಡಿ ನೋಡ್ರೆಲ್ಲ."

ಹೊಸದಿಟ್ಟ ಬತ್ತಿ ಎಲ್ಲಾ ಡಬ್ಬಿಗೆ ಹಾಕಿ ಅಂದ್ಲು, "ಆತು. ಎಲ್ಲಾ ಸೊಸ್ತೇರೂ ಅತ್ತಿ ಹೇಳಿದಂಗ ಕೇಳ್ತಾರ ಅಂತ ಇಟ್ಕೋ. ನೀ ಸೊಸಿ."

"ಹಂಗಾರ ನಾ ನೀವು ಹೇಳಿದಂಗ ಕೇಳ್ತೇನಿ. ಸಿಂಧು ಐತ್ರಿ! ವಾದದಾಗ ಒಂಚೂರೂ ತಪ್ಪಿಲ್ಲ."

"ಮತ್ತ ಖರೇನೋ?"

"ಆಧಾರವಾಕ್ಯ ಮಾತ್ರ ಹಾಲಿನ ಹೊಳಿ ಇದ್ದಂಗ ಐತ್ರಿ."

ನಮ್ಮ ಯಜಮಾನ್ರು ಹೊರಗ ಎದ್ದು ಹೋಗಿ ನಕ್ರು. ನಮ್ಮತ್ತಿ ಬತ್ತಿ ಡಬ್ಬಿ ನನ್ನ ಕಡಿ ಒಗದ್ಲು. ಆದ್ರ ಆವತ್ತಿಂದ ಆಕಿಗೆ ಈ ಆಟದ ರುಚಿ ಹತ್ತಿತು ನೋಡ್ರಿ. ಹಾಲು ಕಾಸೂವಾಗ, ಬಚ್ಚಲದಾಗ, ಎಲ್ಲಿ ಬೇಕಲ್ಲಿ ಕೂಗೂದು: "ಏ ಇವಳ! ಎಲ್ಲಾ ಕಾಗಿ ಬೀಗರು. ನಿಮ್ಮಣ್ಣ ಬೀಗ. ಹಂಗಾರ ನಿಮ್ಮಣ್ಣ ಕಾಗಿ?" ನಾ ಅಲ್ಲಿಂದನ ಕೂಗೂದು: "ಅಸಿಂಧು ಐತ್ರೀ! ಎಲ್ಲಾ ಕಾಗಿ ಬೀಗರು ಅಂದ್ರ ಎಲ್ಲಾ ಬೀಗರು ಕಾಗಿ ಅಂತಲ್ಲ!" "ಉಳದ ಬಿಡು ನಿಮ್ಮಣ್ಣ" ಅಂತಿದ್ಲು. ಬಾಜೂ ಮನಿಯೋರು ಅತ್ತಿ ಸೊಸಿ ಜಗಳ ಶುರು ಆತು ಅಂತ ಒಮ್ಮೆ ಬಿಡಸಾಕ ಬಂದಿದ್ರು, ಖರೇನ.

ಪರೀಕ್ಷಾ ದಿನ ಮುಂಜಾನೆ ಕಾಲಿಗೆ ಬಿದ್ನಿ. ನಮ್ಮ ಅತ್ತಿ ತಲಿ ಮ್ಯಾಲೆ ಕೈ ಇಟ್ಟು ಅಂದ್ಲು, "ಈಗ ಹಗಲ ಐತಿ. ಆ ರಾಜನ್ನ ಸಾಯಿಸೂದಿದ್ರ ಸಾಯಿಸಿ ಬಾ. ಏನೂ ಅನ್ನಂಗಿಲ್ಲ."

ಅವತ್ತಿನ ಪೇಪರಿನಾಗ ರಾಜ ಬರಲಿಲ್ರಿ. ಕಲ್ಲು ಬಂದ್ವು. ಎಲ್ಲಾ ಕಲ್ಲುಗಳು ಹಾಡುತ್ತವೆ, ಇದು ಕಲ್ಲು, ಆದ್ದರಿಂದ ಇದು ಹಾಡುತ್ತದೆ ಅಂತ. ಕೈ ಒಮ್ಮೆ ತಡದದ್ದು ಖರೇ. ಇಷ್ಟು ವರ್ಷ ಕಂಡದ್ದನ್ನಷ್ಟ ಹೇಳಿ ಬಾಳೇವಿ, ಈಗ ಸರಕಾರದ ಹಾಳಿ ಮ್ಯಾಲೆ ಕಲ್ಲು ಹಾಡ್ತಾವು ಅಂತ ಬರೀಬೇಕಲ್ಲ ಅಂತ. ಆಮ್ಯಾಲೆ ಎಲಿ ಮ್ಯಾಲಿನ ಶಿರಾ ಊದಿದ್ದನ್ನ ನೆನಸ್ಕೊಂಡು ಸಿಂಧು ಅಂತ ಬರದ್ನಿ. ಕಾರಣದಾಗ ಯಾರ ಮಾವನ್ನೂ ಕರೀಲಿಲ್ಲ. ಎರಡು ಸುತ್ತು ತಗದ್ನಿ, ಚುಕ್ಕಿ ಇಟ್ನಿ, ಬಂದ್ನಿ.

ಪಾಸಾದ್ನಿ. ಎಷ್ಟು ಮಾರ್ಕ್ಸ್ ಅಂತ ಕೇಳಬ್ಯಾಡ್ರಿ, ಪಾಸು ಅಂದ್ರ ಪಾಸು. ಸರ್‌ಗೆ ಫೋನ್ ಹಚ್ಚಿದ್ನಿ, ಬಸ್ಸಿನಾಗಿದ್ರು, ಏನೂ ಕೇಳವಲ್ದು. "ಏನಂದ್ರಿ? ಹೊಳಿ ಏನಾತು?" ಅಂತ ಚೀರಾಕತ್ತಿದ್ರು. "ಹಾಲು ಬಂತ್ರಿ ಸರ್!" ಅಂದ್ನಿ. ಬಸ್ಸಿನ ಮಂದಿ ಏನ ತಿಳ್ಕೊಂಡ್ರೋ.

ನಮ್ಮತ್ತಿ ಓಣಿಗೆಲ್ಲ ಸಕ್ರಿ ಹಂಚಿದ್ಲು. "ಪಾಸಾದೋರು ಅಕ್ಕಾರ ಆಗ್ತಾರ. ನಮ್ಮಾಕಿ ಪಾಸಾದ್ಲು. ಮುಗೀತಲ್ಲ!" ಅಂತ.

"ಮುಗಿದಿಲ್ರಿ ಅತ್ತಿ. ಪಾಸಾದೋರೆಲ್ಲಾ ಆಗಂಗಿಲ್ಲ. ಅರ್ಜಿ ಹಾಕಬೇಕು, ಮತ್ತೊಬ್ರೂ ಹಾಕಿರ್ತಾರ, ನೋಡ್ತಾರ."

"ನೀನ ಅಂತ ಇಟ್ಕೋ ಅಂದಿ, ಈಗ ನೀನ ಬ್ಯಾಡ ಅಂತಿ!"

ಏನ ಹೇಳೂದ್ರಿ? ಆಕಿಗೆ ಅಂತ ಇಟ್ಕೋಬಹುದಿತ್ತು. ನನಗ ಆ ದಿನಗಳನ್ನ ಕಳಿಯೂದು ಭಾಳ ಕಷ್ಟ ಆತು. ಅಕ್ಕಾರು ಮಾಲಿ ಹಾಕಿಸ್ಕೊಂಡು ಹೋದ್ರು, ಆ ಜಾಗಾ ಖಾಲಿ ಇತ್ತು. ಬಾಜೂ ಊರಿನ ಅಕ್ಕಾರು ಒಂದೊಂದಿನ ಬಂದು ನೋಡ್ಕೊಂಡು ಹೋಗ್ತಿದ್ರು. ನಾ ಒಲಿ ಮುಂದ ಇದ್ನಿ. ಹಾಡಿನ ಹೊತ್ತಿಗೆ ಹುಡುಗ್ರು ನನ್ನ ಮಾರಿ ನೋಡ್ತಿದ್ವು, ನಾ ಸೌಟು ಹಿಡ್ಕೊಂಡ ಅವುಗಳ ಮಾರಿ ನೋಡ್ತಿದ್ನಿ.

ಆರ್ಡರ್ ಬಂತ್ರಿ ಕಡೀಕ. ಜ್ವಾಳ ಬಿತ್ತೂ ಹೊತ್ತಿಗೆ ಬಂತು.

ಮೊದಲ ದಿನ ಇದ್ದದ್ದರಾಗ ಚೊಲೊ ಸೀರಿ ಉಟ್ಟು ಹೋದ್ನಿ. ಒಲಿ ಮುಂದ ಹೊಸಾ ಸಹಾಯಕಿ ನಿಂತಿದ್ಲು. ಹುಡುಗರನ್ನ ಸುತ್ತ ಕುಂಡ್ರಿಸಿ, "ಇವತ್ತಿಂದ ನಾ ನಿಮಗ ಅಕ್ಕಾರು" ಅಂದ್ನಿ. ಆ ಶಿರಾದಾಕಿ ಎದ್ದು ನಿಂತಿತು.

"ನೀ ಅಕ್ಕಾರಲ್ಲ."

"ಯಾಕಬೇ?"

"ಅಕ್ಕಾರು ಎಲ್ಲಾರೂ ಬ್ಯಾಗ್ ಹಾಕ್ಕೊಂಡ ಬರ್ತಾರ. ನಿನ್ನ ಕಡಿ ಬ್ಯಾಗ್ ಇಲ್ಲ."

ಎಲ್ಲಿ ತಪ್ಪಂತ ಹೇಳೂದ್ರಿ? ಎರಡೂ ಆಧಾರವಾಕ್ಯ ಅದಾವು, ತೀರ್ಮಾನ ನೆಟ್ಟಗ ಬಂದು ನಿಂತೈತಿ. ಸಿಂಧು. ಆ ಹುಡುಗಿ ಈ ಊರಾಗ ಕಂಡ ಅಕ್ಕಾರೆಲ್ಲಾ ಬ್ಯಾಗಿನೋರ ಆಗಿದ್ರು, ಹಂಗಾಗಿ ಖರೇನೂ ಹೌದು.

"ಇವತ್ತೊಂದಿನ ನಡೀತೈತೇನು?" ಅಂದ್ನಿ.

ವಿಚಾರ ಮಾಡಿತು. "ಇವತ್ತೊಂದಿನ" ಅಂತು, ಕುಂತಿತು. ಹಾಡು ಶುರು ಮಾಡಿದ್ನಿ. ಕೈ ಕುಣಿಸಿ ಹೇಳಿದ್ನಿ. ಆ ಕಡೀ ಕುಂತಿರ್ತೈತಲ್ಲ, ಎಂದೂ ಬಾಯಿ ಬಿಡಲಾರದ ಹುಡುಗಿ, ಅದು ಹಾಡಲಿಲ್ಲ, ಆದ್ರ ಕೈ ಕುಣಿಸ್ತು.

ಆವತ್ತ ಸಂಜಿಕ ಗದಗಿಗೆ ಹೋಗಿ ಬಜಾರದಾಗ ಒಂದು ಬ್ಯಾಗ್ ತಗೊಂಡ್ನಿ, ಕರೀದು, ಹೆಗಲಿಗೆ ಹಾಕೂದು. ಒಳಗ ಏನೂ ಇರಲಿಲ್ಲ. ಮರುದಿನ ಅತ್ತಿ ಒಂದು ಬಾಳಿಹಣ್ಣು ಇಟ್ಟು ಕಳಿಸಿದ್ಲು.

ನೀವೂ ಕಾಲೇಜಿನಾಗ ತರ್ಕಶಾಸ್ತ್ರ ಓದಿದ್ರ ಹೇಳ್ರೆಲ್ಲ, ನಿಮ್ಮ ಪೇಪರಿನಾಗ ಯಾರು ಸತ್ತಿದ್ರು, ಯಾವ ಹೊಳ್ಯಾಗ ಏನ ಹರದಿತ್ತು? ನನ್ನಂಗ ಖರೇ ಬರದು ಫೇಲಾದೋರು ಯಾರರ ಅದೀರೇನು? ದೊಡ್ಡೋರಾದ ಮ್ಯಾಲೆ ಪರೀಕ್ಷಾಕ್ಕ ಕುಂತೋರು, ಮನ್ಯಾಗ ಯಾರು ಏನಂದ್ರು ಅದನ್ನೂ ಬರೀರಿ. ಕೆಳಗ ಜಾಗಾ ಬೇಕಾದಷ್ಟು ಐತಿ. ನಮ್ಮತ್ತಿಗೆ ಓದಿ ಹೇಳ್ತೇನಿ. ಸಾಯೂ ಮಾತು ಇದ್ದದ್ದನ್ನ ಮಾತ್ರ ಹಗಲಿನಾಗ ಓದ್ತೇನಿ.